ಹಳದಿ ಓಣ್ಯಾಗ ಮಗ್ಗ

ನಾ ಗಡಹಿಂಗ್ಲಜದ ಮಗಳು. ನಮ್ಮ ಅಪ್ಪ ಅಲ್ಲೆ ಮೆಣಸಿನಕಾಯಿ, ಬೆಲ್ಲದ ವ್ಯಾಪಾರ ಮಾಡ್ತಿದ್ದ. ಮನ್ಯಾಗ ಕನ್ನಡ, ಪ್ಯಾಟ್ಯಾಗ ಮರಾಠಿ. ಯಾವ ಮಾತಿಗೆ ಯಾವ ಭಾಷಾ ಬಾಯಾಗ ಬರತೈತಿ ಅನ್ನೂದು ನಮಗೇ ಗೊತ್ತಾಗ್ತಿದ್ದಿಲ್ಲ. ಅಪ್ಪ ನನ್ನ ಬಾಯಿಗೆ "ಚಂದಗಡದ ಮಳಿ, ಹಿಡೀತಂದ್ರ ಬಿಡೂದಿಲ್ಲ" ಅಂತಿದ್ದ. ಬಾಯಿ ಇದ್ದಾಕಿ ಬರಗಾಲದಾಗೂ ಬದುಕ್ಯಾಳು ಅಂತ ಅವ್ವ ಅಂತಿದ್ದಳು. ಇಬ್ಬರೂ ಹೊಗಳಾಕತ್ತಾರ ಅಂತ ನಾ ತಿಳಕೊಂಡಿದ್ದೆ.

ನನ್ನ ಕೊಟ್ಟಿದ್ದು ನೇಕಾರರ ಮನಿಗೆ. ನಮ್ಮವರು ರಬಕವಿ ಕಡೆಯವರು. ಸಣ್ಣ ವಯಸ್ಸಿಗೇ ಇಚಲಕರಂಜಿಗೆ ಕೂಲಿ ನೇಯಾಕ ಬಂದು, ಹೊಟ್ಟಿ ಕಟ್ಟಿ ರೊಕ್ಕ ಉಳಿಸಿ, ಯಾರೋ ಬಿಟ್ಟ ಎರಡು ಹಳೇ ಕರೆಂಟಿನ ಮಗ್ಗ ತಗೊಂಡು, ಇಚಲಕರಂಜಿಯಿಂದ ಸ್ವಲ್ಪ ಆಚೆ ಇರೂ ಒಂದು ಸಣ್ಣ ಊರಾಗ ಮನಿ ಮಾಡಿದ್ದರು. ಆ ಊರಿನ ಹೆಸರು ಹೇಳಂಗಿಲ್ಲ ನಾ. ಅಲ್ಲಿ ಮಂದಿ ಇನ್ನೂ ಅದಾರ, ನನ್ನ ಮಕ್ಕಳು ಮೊಮ್ಮಕ್ಕಳು ಅಲ್ಲೇ ಓಡಾಡತಾರ. ನಮ್ಮ ಅಪ್ಪಗ ಹೆಣ್ಣು ಭಾಳ, ವರ ಕಡಿಮಿ. "ಕೈಯಾಗ ಕಸಬು ಐತಿ, ಚಟ ಇಲ್ಲ" ಅಂತ ಕೊಟ್ಟ. ಸುಳ್ಳಲ್ಲ. ಚಟ ಹೋಗಲಿ, ಅವರಿಗೆ ಮಾತೇ ಇದ್ದಿದ್ದಿಲ್ಲ. ಮರಾಠಿ ಅಂತೂ ಕೇಳಬ್ಯಾಡ್ರಿ. ಇಚಲಕರಂಜ್ಯಾಗ ಅವರ ಸುತ್ತಮುತ್ತ ನೇಯೂ ಮಂದಿ ಎಲ್ಲಾ ನಮ್ಮ ಕಡೆಯವರೇ. ಮಗ್ಗದ ಸಪ್ಪಳದಾಗ ಮಾತಾಡೂದಕ್ಕಿಂತ ಕೈಸನ್ನಿ ಜಾಸ್ತಿ. ಕಲಿಯೂ ಪಾಳಿ ಬಂದಿದ್ದಿಲ್ಲ.

ಮೊದಲನೇ ದೀಪಾವಳಿಗೆ ಅಳಿಯ ಅಂತ ಗಡಹಿಂಗ್ಲಜಕ್ಕ ಬಂದರು. ಪಡಸಾಲ್ಯಾಗ ನಮ್ಮ ಕೊಲ್ಲಾಪುರದ ಮಾವನ ಮನಿಯವರು, ಮಹಾಗಾಂವದ ಅತ್ತಿ, ಅಪ್ಪನ ವ್ಯಾಪಾರದ ಗೆಳ್ಯಾರು ಎಲ್ಲಾರೂ ಕುಂತಿದ್ದರು. ಯಾರೋ ಮರಾಠ್ಯಾಗ "ಯಾವಾಗ ಬಂದ್ರಿ?" ಅಂತ ಕೇಳಿದರು. ಇವರು ನೆಟ್ಟಗ ಕುಂತು, "ಮೀ ಕಾಲ ಆಲೀ" ಅಂದರು. ನಿನ್ನೆ ಬಂದೆ ಅಂತ ಹೇಳೂದು. ಆದರ ಮರಾಠ್ಯಾಗ ಗಂಡಸು ಆಲೋ ಅನ್ನಬೇಕು, ಆಲೀ ಅನ್ನೂದು ಹೆಂಗಸು. ಪಡಸಾಲಿ ಹಾರಿಹೋಗೂ ಹಂಗ ನಕ್ಕರು. ನಮ್ಮ ಕೊಲ್ಲಾಪುರದ ಮಾವನ ಹೆಂಡತಿ ಸೆರಗ ಬಾಯಾಗ ತುರಕೊಂಡು, "ಬಾ ಬಾ, ಅರಿಷಿಣ-ಕುಂಕುಮ ಹಚ್ಚತೇನಿ" ಅಂದಳು. ಇವರಿಗೆ ಯಾಕ ನಗತಾರ ತಿಳೀಲಿಲ್ಲ, ತಾವೂ ನಕ್ಕರು. ನಾ ಅಡಗಿ ಮನ್ಯಾಗ ಒಲಿ ಮುಂದ ಕುಂತು ಹೊಗಿ ನೆವಾ ಮಾಡಿ ಕಣ್ಣ ಒರಸಿಕೊಂಡೆ. ಗಂಡನ ಮ್ಯಾಲ ಅಷ್ಟು ನಾಚಿಕಿ ಬಂತು ನನಗ. ಛೀ, ಇಂಥಾ ದಡ್ಡ ಪ್ಯಾದಿ ಜೋಡಿ ಹೆಂಗ ಬಾಳವಿ ಮಾಡ್ಲಿ ಅನಿಸ್ತು.

ತಿರುಗಿ ಬರೂ ಮುಂದ ಬಸ್ಸಿನಾಗ ನಾ ಅವರಿಗೆ ಒಂದು ಮಾತು ಕಲಿಸಿದೆ. "ನೀವು ಏನೂ ಮಾತಾಡಬ್ಯಾಡ್ರಿ. ಯಾರು ಏನರೆ ಅಂದ್ರ 'ಹರಕತ ನಾಹಿ' ಅನ್ರಿ. ಅಷ್ಟ ಸಾಕು." ಹರಕತ ನಾಹಿ ಅಂದ್ರ ನಮ್ಮ ಅಡ್ಡಿಯಿಲ್ಲ ಇದ್ದಂಗ. ಯಾರರೆ ಕಾಲ ತುಳದು ಕ್ಷಮಾ ಕೇಳಿದ್ರ ಅಡ್ಡಿಯಿಲ್ಲ ಬಿಡ್ರಿ ಅಂತೀವಲ್ಲ, ಅದಕ್ಕೂ ಅದೇ. ಚಾ ತಣ್ಣಗಾಗೇತಿ ಅಂದ್ರೂ ಅದೇ, ಬಸ್ಸು ತಡಾ ಆತು ಅಂದ್ರೂ ಅದೇ. ಆ ಮಾತಿಗೆ ಗಂಡು ಹೆಣ್ಣು ಇಲ್ಲ, ತಪ್ಪೂ ಪಾಳಿ ಬರೂದಿಲ್ಲ. ಕೊಲ್ಲಾಪುರದ ಸ್ಟ್ಯಾಂಡ್ ಬರೂತನ ಅವರ ಬಾಯಿಂದ ಹೇಳಿಸೇ ಹೇಳಿಸಿದೆ. ಪಕ್ಕದ ಸೀಟಿನಾಗ ಕುಂತ ಮುದುಕ ನಮ್ಮನ್ನ ನೋಡಿ ನಕ್ಕೋತ ಬಂದ.

ಅವರು ಕಲತರು ನೋಡ್ರಿ, ಎಷ್ಟು ಚಂದ ಕಲತರು! ನೂಲಿನ ಅಂಗಡ್ಯಾಗ, ಹಜಾಮನ ಕಡೆ, ಕರೆಂಟಿನ ಆಫೀಸಿನಾಗ, ಎಲ್ಲೆ ಹೋದರೂ ಸಣ್ಣಗ ನಕ್ಕು "ಹರಕತ ನಾಹಿ, ಸಾಹೇಬ" ಅಂತಿದ್ದರು. ಮಂದಿ, ಎಂಥಾ ಸಂಭಾವಿತ ಮನಶಾ ಅಂತಿದ್ದರು. ನಮ್ಮ ಓಣ್ಯಾಗ ಇವರಿಗೆ ಮರಾಠಿ ಬರತೈತಿ ಅಂತ ಸುದ್ದಿ ಆತು. ನನಗೂ ಸ್ವಲ್ಪ ತಲಿ ಮ್ಯಾಲ ಎತ್ತೂ ಹಂಗಾತು.

ಓಣಿ ಅಂದ್ರ ಎಲ್ಲಾ ರಬಕವಿ, ಬನಹಟ್ಟಿ ಕಡೆಯಿಂದ ಬಂದ ಮಂದಿ. ಮುಂದಿನ ಖೋಲ್ಯಾಗ ಮಗ್ಗ, ಹಿಂದಿನ ಖೋಲ್ಯಾಗ ಒಲಿ. ಮಗ್ಗ ನಿಂತ್ರ ಕೂಸು ಎಚ್ಚರ ಆಗತಿತ್ತು, ಮಗ್ಗ ಶುರು ಆದ್ರ ಮಲಗತಿತ್ತು. ನಮ್ಮ ಎದರಮನ್ಯಾಗ ಒಬ್ಬಾಕಿ ವಿಧವಿ ಇದ್ದಳು. ಅಕಿಗೆ ನಾ ಅಕ್ಕ ಅಂತಿದ್ದೆ, ಅಕಿ ನಮ್ಮವರಿಗೆ ಅಣ್ಣಾ ಅಂತಿದ್ದಳು, ನನಗ ವೈನಿ. ಗಂಡ ಸತ್ತ ಮ್ಯಾಲ ಒಂದೇ ಒಂದು ಮಗ್ಗ ಇಟಗೊಂಡು ತಾನೇ ನೇಯತಿದ್ದಳು. ಅಕಿ ಅತ್ತಿ ಸೊಂಟದಿಂದ ಕೆಳಗ ಸ್ವಾಧೀನ ಇಲ್ಲದ ಮುದುಕಿ. ಮಗ್ಗದ ಬಾಜೂಕ ಹೊರಸು, ಹೊರಸಿನ ಮ್ಯಾಲ ಮುದುಕಿ. ಅಕ್ಕ ಒಂದು ಕಣ್ಣು ನೂಲಿನ ಮ್ಯಾಲ, ಒಂದು ಕಣ್ಣು ಅತ್ತಿ ಮ್ಯಾಲ ಇಟ್ಟು ನೇಯತಿದ್ದಳು. ಎಳಿ ಹರೀತಂದ್ರ ಮಗ್ಗ ನಿಂದ್ರಸಿ ಗಂಟ ಹಾಕೂದು, ಮುದುಕಿ ಕರೀತಂದ್ರ ಮಗ್ಗ ನಿಂದ್ರಸಿ ಅಕಿನ್ನ ಹೊಳ್ಳಿಸಿ ಮಲಗಸೂದು. ಮುದುಕಿ ಮೊದಲಿಂದ ಈ ಕಡೆಯಾಕೀನೇ, ಮರಾಠಿ ಚೊಲೊ ಬರತಿತ್ತು. ಬಾಯೊಂದು ಗಟ್ಟಿ ಇತ್ತು ಅಕೀದು.

ಹಿಂಗಿರೂ ಮುಂದ ಮುನ್ಸಿಪಾಲ್ಟಿಯವರು ಊರಿಗೆ ಹೊಸಾ ನಕ್ಷಾ ಮಾಡಿಸಿದರು. ಆಗ ಮುಂಬೈ ರಾಜ್ಯ ಹೋಗಿ ಮಹಾರಾಷ್ಟ್ರ ಆಗಿ ಒಂದಿಷ್ಟು ವರ್ಷ ಆಗಿತ್ತು. ಊರು ಮನಸಿಗೆ ಬಂದಂಗ ಬೆಳೀಬಾರದು, ರಸ್ತೆ ಎಲ್ಲೆ, ಸಾಲಿ ಎಲ್ಲೆ, ಬಾಜಾರ ಎಲ್ಲೆ ಅಂತ ಮೊದಲೇ ಠರಾಯಿಸಬೇಕು ಅಂತ ಸರಕಾರದ್ದು ಹುಕುಂ. ಗ್ವಾಡಿ ತುಂಬ ಆಗೂ ಅಷ್ಟು ದೊಡ್ಡ ನಕ್ಷಾ ಮುನ್ಸಿಪಾಲ್ಟಿ ಹಾಲಿನಾಗ ತೂಗಹಾಕಿದ್ದರು. ಹಳದಿ ಬಣ್ಣ ಅಂದ್ರ ಬರೇ ಮನಿ ಇರೂ ಜಾಗಾ. ನೇರಳಿ ಬಣ್ಣ ಅಂದ್ರ ಮಗ್ಗ, ಕಾರಖಾನಿ. ಹಸರು ಅಂದ್ರ ಬಾಗ, ಆಟದ ಬಯಲು. ನಮ್ಮ ಓಣಿ ಹಳದಿ. ನೇರಳಿ ಎಲ್ಲೆ ಅಂದ್ರ ಊರ ಹೊರಗ, ಹಳ್ಳದ ಆಚೆ. ಅಂದ್ರ ನಾವು ಹಳದ್ಯಾಗ ಮಲಗಬೇಕು, ನೇರಳ್ಯಾಗ ಹೋಗಿ ನೇಯಬೇಕು. ಯಾರಿಗೆ ಹೊಳೀತೋ ಇದು, ಅವರ ಮನಿ ಹಾಳಾಗಲಿ ಅಂತ ನಾ ಬೈದೆ. ಆದರ ಹಿಂದಿನ ಓಣಿ ಮಾಸ್ತರರು ಮಗ್ಗದ ಸಪ್ಪಳಕ್ಕ ತಮ್ಮ ಹೆಂಡತಿ ಕಣ್ಣಿಗೆ ಕಣ್ಣ ಹಚ್ಚಿಲ್ಲ ಅಂತ ಅರ್ಜಿ ಬರದಿದ್ದರು. ಅವರದೂ ಸುಳ್ಳಲ್ಲ. ಬಾಣಂತಿ ಆದಾಗ ನನಗೂ ತಲಿ ಸಿಡದೈತಿ.

ನಕ್ಷಾ ತೂಗಹಾಕಿದ ಮ್ಯಾಲ ಯಾರಿಗೆ ಏನು ಅಡ್ಡಿ ಐತಿ ಬರದು ಕೊಡ್ರಿ ಅಂತ ಡಂಗುರಾ ಸಾರಿಸಿದರು. ಅದಕ್ಕ ಮರಾಠ್ಯಾಗ ಹರಕತ ಕೊಡೂದು ಅಂತಾರ. ನೋಡ್ರಿ, ಅದೇ ಹರಕತ. ಹಂಗ ಬಂದ ಹರಕತಗಳನ್ನ ಕೇಳಾಕ ಒಂದು ಕಮಿಟಿ. ಅಧ್ಯಕ್ಷರು ಒಬ್ಬ ವಯಸ್ಸಾದ ವಕೀಲರು. ಜೋಡಿ ಒಬ್ಬರು ಡಾಕ್ಟರು, ನೂಲಿನ ವ್ಯಾಪಾರಿ, ಕಿರಾಣಿ ಅಂಗಡಿಯವರು, ಕೊಲ್ಲಾಪುರದಿಂದ ಬರೂ ನಕ್ಷಾದ ಸಾಹೇಬರು. ಹೆಸರು ಕರದಂಗ ಒಬ್ಬೊಬ್ಬರು ಒಳಗ ಹೋಗಬೇಕು, ಎದ್ದು ನಿಂತು ಬಾಯಿಲೇ ಹೇಳಬೇಕು. ಕಾಗದದಾಗ ಏನರೆ ಬರದಿರಲಿ, ಅಲ್ಲಿ ನಿಂತು ಹೇಳಿದ್ದೇ ಖರೇ. ಕಾರಕೂನ ಬರಕೋತಾನ, ಕಮಿಟಿ ಠರಾವು ಮಾಡತೈತಿ. ಕಮಿಟಿಯವರ ಸ್ವಂತ ಜಾಗಾದ ಮಾತು ಬಂದ್ರ ಅವರು ಎದ್ದು ಹೊರಗ ಹೋಗಬೇಕು ಅಂತ ಕಾಯ್ದೆ. ಕಿರಾಣಿ ಅಂಗಡಿಯವರು ಅವತ್ತು ಹೊರಗ ಹೋಗೂದು ಒಳಗ ಬರೂದು ನೋಡಿ, ಊರಾಗ ಅರ್ಧ ಜಾಗಾ ಇವರದೇ ಕಾಣ್ತೈತಿ ಅಂತ ಮಂದಿ ನಕ್ಕರಂತ.

ನಮ್ಮ ಓಣಿಯವರೆಲ್ಲಾ ಕೂಡಿ ಒಂದು ಹರಕತ ಬರಸಿದರು. ಮಗ್ಗ ಇಲ್ಲೇ ಇರಲಿ ಅಂತ. ಖರೇ ಹೇಳಬೇಕಂದ್ರ ನಮಗೆಲ್ಲಾ ಹೆಂಗರೆ ನಡೀತಿತ್ತು. ಗಂಡಸರು ಹಳ್ಳದ ಆಚೆ ಒಂದು ಶೆಡ್ಡು ಬಾಡಗಿ ಹಿಡದು ಮಗ್ಗ ಒಯ್ಯತಿದ್ದರು, ನಾವು ರೊಟ್ಟಿ ಕಟ್ಟಿ ಕಳಸ್ತಿದ್ವಿ. ಸಾಯೂದು ಎದರಮನಿ ಅಕ್ಕ. ಮಗ್ಗ ಅಲ್ಲಿ, ಅತ್ತಿ ಇಲ್ಲಿ. ಮುದುಕಿನ್ನ ಯಾರು ನೋಡಬೇಕು? ಮಗ್ಗ ಬಿಟ್ಟ್ರ ಇಬ್ಬರ ಹೊಟ್ಟಿಗೆ ಯಾರು ಹಾಕಬೇಕು? ಅಕಿ ಒಬ್ಬಾಕಿ ಸಲುವಾಗಿನೇ ಆ ಹರಕತ ಅಂದ್ರೂ ನಡೀತೈತಿ. ಅಕೀಗೂ ಅದು ಗೊತ್ತಿತ್ತು. ಅವತ್ತು ಮುಂಜಾನೆ ಕಮಿಟಿ ಮುಂದಿನ ಸುನಾವಣಿಗೆ, ಅಂದ್ರ ವಿಚಾರಣಿಗೆ, ಹೊರಟ ನಮ್ಮವರ ಮುಂದ ಬಂದು, "ಅಣ್ಣಾ, ನಿನ್ನ ನಾಲಿಗಿ ಮ್ಯಾಲ ನಾವಿಬ್ಬರೂ ಅದೀವಿ ನೋಡು" ಅಂದಳು.

ಹೌದು, ನಮ್ಮವರೇ ಹೋಗಿದ್ದು. ಓಣ್ಯಾಗ ಮರಾಠಿ ಬರಾಂವ ಇವರೇ ಅಂತ ಎಲ್ಲಾರೂ ತಿಳಕೊಂಡಿದ್ದರಲ್ಲ. ಹಾಳೂರಿಗೆ ಉಳದಾವನೇ ಗೌಡ. ಹೋಗಬೇಕಾದಾಕಿ ನಾನು, ಆದರ ನಾ ಹಸಿ ಬಾಣಂತಿ, ಹೊಸ್ತಿಲಾ ದಾಟೂ ಹಂಗಿದ್ದಿಲ್ಲ. "ಕಾಗದದಾಗ ಎಲ್ಲಾ ಬರದೈತಿ. ಕೈ ಮುಗದು, ಬರದದ್ದು ನೋಡ್ರಿ ಅಂತ ಅನ್ರಿ, ಮುಗೀತು" ಅಂತ ಕಲಿಸಿ ಕಳಿಸಿದೆ.

ಮುಂಜಾನೆ ಹೋದವರನ್ನ ಊಟದ ಹೊತ್ತಿನ ತನಕ ಬಿಸಲಾಗ ನಿಲ್ಲಿಸ್ಯಾರ. ಕಡೀಕ ಒಳಗ ಕರದಾರ. ಅಧ್ಯಕ್ಷರು ಖರೇನೇ ಸಂಭಾವಿತರು. ಮನಶಾ ಬೆವತ ನಿಂತದ್ದು ನೋಡಿ ಮರಾಠ್ಯಾಗ, "ಭಾಳ ಹೊತ್ತು ಕಾಯಬೇಕಾತು ನಿಮಗ" ಅಂದಾರ. ನಮ್ಮವರು ರೂಢಿ ಪ್ರಕಾರ ಸಣ್ಣಗ ನಕ್ಕು, "ಹರಕತ ನಾಹಿ, ಸಾಹೇಬ" ಅಂದಾರ.

ಅಷ್ಟ. ಎಲ್ಲಾರಿಗೂ ಹಸಿವಿ ಆಗಿತ್ತು. ಕಾರಕೂನ ತಲಿ ಎತ್ತದ, ಅರ್ಜಿದಾರ ಖುದ್ದ ಹಾಜರಾಗಿ ಹರಕತ ಇಲ್ಲ ಅಂದಾನ ಅಂತ ಬರದ. ಅಧ್ಯಕ್ಷರು, "ವಾ, ಚೊಲೊ ಆತು" ಅಂದರು. ಮುಂದಿನವರನ್ನ ಕರದರು. ಇವರು ಕಾಗದ ತೋರಸಾಕ ಹೋದ್ರ ಸಿಪಾಯಿ, "ಆತು ನಿಮ್ಮದು, ನಡೀರಿ" ಅಂತ ಹೊರಗ ಕಳಿಸಿದ. ಮಾತಾಡಿದ್ರ ಹೋತು, ಮುತ್ತ ಒಡದ್ರ ಹೋತು.

ಮನಿಗೆ ಬಂದವರ ಮುಖ ನೋಡಬೇಕಿತ್ತು ನೀವು! ಕೂಸು ಎತಗೊಂಡು ಕುಣದಾಡಿದರು. "ಏನು ಮರ್ಯಾದಿ ಕೊಟ್ಟರು ಗೊತ್ತೈತೇನ? ಕಾಯಬೇಕಾತು ಅಂತ ಅಧ್ಯಕ್ಷರೇ ಅಂದರು. ನಾ ಅಂದೆ, ಹರಕತ ನಾಹಿ. ವಾ, ಚೊಲೊ ಆತು ಅಂದರು. ಒಂದೇ ಮಾತಿಗೆ ಕೆಲಸ ಆತು!" ನನಗರೆ ಆಗ ಹೊಳೀಬೇಕೋ ಬ್ಯಾಡೋ? ಚಂದಗಡದ ಮಳಿ ಅಂತ, ಮಣ್ಣು! ನಾನೂ ಖುಷಿ ಪಟ್ಟೆ. ನನ್ನ ಗಂಡಗ ಮಾತು ಕಲಿಸಿದಾಕಿ ನಾನು ಅಂತ ಹಾಸಿಗ್ಯಾಗ ಮಲಕೊಂಡು ಹಿಗ್ಗಿದೆ. ಅಕ್ಕ ಬೆಲ್ಲ ತಂದು ಓಣಿ ತುಂಬ ಹಂಚಿದಳು.

ಬಣ್ಣ ಬಯಲಾದದ್ದು ಮಳಿಗಾಲ ಕಳದ ಮ್ಯಾಲ. ಕಮಿಟಿ ಠರಾವು ಬೋರ್ಡಿಗೆ ಹಚ್ಚಿದರು, ನಮ್ಮ ಓಣಿ ಹಳದಿಯೇ. ಕೇಳಾಕ ಹೋದ ಮಂದಿಗೆ ಕಾರಕೂನ ನಕ್ಕೋತ, "ನಿಮ್ಮ ಮನಶಾನೇ ಬಂದು ಹರಕತ ನಾಹಿ ಅಂತ ಹೇಳಿ ಹೋದನಲ್ಲೋ" ಅಂದ. ಸಂಜೀಕ ಊರೆಲ್ಲಾ ಸುದ್ದಿ. ಚಾದ ಅಂಗಡ್ಯಾಗ ಕುಂತವರು ಇವರನ್ನ ಕಂಡ ಕೂಡಲೇ "ಯಾ, ಯಾ, ಹರಕತ ನಾಹಿ" ಅನ್ನಾಕತ್ತರು. ಬಾ ಬಾ ಹರಕತ ನಾಹಿ ಅಂತ. ಅದೇ ಹೆಸರು ಆತು ಅವರಿಗೆ. ಸಾಲಿ ಹುಡುಗರೂ ಅದನ್ನೇ ಕೂಗವು. ನನಗ ಹರಕತ ನಾಹಿಯ ಹೆಂಡತಿ ಅನ್ನವರು. ನೀರಿಗೆ ಹೋಗಾಕ ಮುಖ ಇಲ್ಲದಂಗಾತು.

ನಾ ಅವರಿಗೆ ಏನೇನು ಅಂದೆ ಅಂತ ಹೇಳಾಕ ಈಗೂ ಬಾಯಿ ಬರೂದಿಲ್ಲ. "ನಿಮಗ ಮಾತು ಕಲಿಸೂದಕ್ಕಿಂತ ಎಮ್ಮಿಗೆ ಕಲಿಸಿದ್ರ ಬರತಿತ್ತು" ಅಂದದ್ದು ಅದರಾಗ ಎಲ್ಲಾದಕ್ಕಿಂತ ಸಣ್ಣದು. ಕಲಿಸಿದಾಕಿ ಯಾರು ಅನ್ನೂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ಒಂದು ಸಲವೂ ಅದನ್ನ ಎತ್ತಲಿಲ್ಲ. ತಲಿ ತಗ್ಗಿಸಿ ನೂಲಿನ ಕಂಡಿಕಿ ಸುತಗೋತ ಕುಂತರು. ಎದರಮನಿ ಅಕ್ಕನೂ ಬೈಲಿಲ್ಲ. ಬೈದಿದ್ರ ನಾಕ ಮಾತು ತಿರುಗಿ ಬೈದು ಹಗರಾಗತಿದ್ದೆ. ಅಕಿ ಬಾಗಲದಾಗ ನಿಂತು, "ಇರಲಿ ಬಿಡ್ರಿ ವೈನಿ, ಅಣ್ಣ ಬೇಕಂತ ಮಾಡಿದ್ದಲ್ಲ" ಅಂದಳು. ಆ ಮಾತು ಕೇಳಿ ನಾ ಭೂಮಿಗೆ ಇಳದು ಹೋದೆ.

ಅದಾದ ಮ್ಯಾಲ ನಮ್ಮವರು ದಿನಾ ಸಂಜಿಮುಂದ ಎದರಮನಿಗೆ ಹೋಗಾಕ ಹತ್ತಿದರು. ಕೇಳಿದ್ರ, "ಅಕಿ ಮಗ್ಗದ್ದು ಲಾಳಿ ಸರಿ ಹೊಡ್ಯಾಕವಲ್ದು, ನೋಡಿ ಬರತೇನಿ" ಅನ್ನವರು. ಲಾಳಿ ಅಂದ್ರ ಎಷ್ಟು ದಿನಾ ಸರಿ ಮಾಡೂದು? ವಿಧವಿ ಮನಿಗೆ ಸಂಜಿಮುಂದ ಹೋಗೂ ಗಂಡಸಿನ ಬಗ್ಗೆ ಓಣ್ಯಾಗ ಯಾರೂ ಏನೂ ಅಂದಿದ್ದಿಲ್ಲ. ಅಂದಾಕಿ ನಾನೇ. ಒಂದು ದಿನಾ ತಾಟು ಕುಕ್ಕಿ, "ಹೋಗ್ರಿ, ಅಲ್ಲೇ ಉಣ್ಣ ಹೋಗ್ರಿ, ಲಾಳಿ ಹೊಡ್ಯಾಕ" ಅಂದುಬಿಟ್ಟೆ. ಅವರು ನನ್ನ ಮುಖ ನೋಡಿದರು. ಉಣ್ಣದ ಎದ್ದು ಮಗ್ಗ ಶುರು ಮಾಡಿದರು. ಮರುದಿನಾ ಮತ್ತ ಹೋದರು.

ನಕ್ಷಾ ಇನ್ನೂ ಸರಕಾರದ ಮಂಜೂರಿಗೆ ಮುಂಬೈಗೆ ಹೋಗಿದ್ದಿಲ್ಲ. ಹೋಗೂ ಮೊದಲು ಠರಾವುಗಳನ್ನ ಓದಿ ಹೇಳಾಕ ಕಮಿಟಿ ಇನ್ನೊಮ್ಮೆ ಕೂಡತೈತಿ, ಬರಕೊಂಡಿದ್ದರಾಗ ತಪ್ಪಿದ್ರ ಅಲ್ಲೇ ಹೇಳಬೇಕು ಅಂತ ಮಾಸ್ತರರು ಹೇಳಿದರು, ಅದೇ ನಮ್ಮ ಸಪ್ಪಳದ ಮ್ಯಾಲ ಅರ್ಜಿ ಹಾಕಿದ ಮಾಸ್ತರರು. ನಾ ಕೂಸು ಹೊತಗೊಂಡು ಹೊರಟೆ. "ನಾನೂ ಬರತೇನಿ" ಅಂದರು ಇವರು. ಒಗದ ಧೋತರಾ, ಅಂಗಿ, ಟೊಪಿಗಿ. "ನೀವು ಬಂದು ಇನ್ನ ಏನು ಕೆಡಸಾವ್ರು ಅದೀರಿ? ಬಂದ್ರ ಬಾಯಿ ಮುಚಗೊಂಡು ಕುಂಡ್ರಿ" ಅಂದೆ. ಅಕ್ಕನೂ ಬಂದಳು. ಮುದುಕಿ ಹಂತ್ಯಾಕ ಓಣಿ ಹುಡಗಿ ಒಬ್ಬಾಕಿನ್ನ ಕುಂಡ್ರಿಸಿ ಬಂದಿದ್ದಳು.

ಹಾಲು ತುಂಬಿತ್ತು. ನಮ್ಮ ಓಣಿ ಪಾಳಿ ಬಂದಾಗ ನಾ ಎದ್ದು ನಿಂತು ಮರಾಠ್ಯಾಗ ಎಲ್ಲಾ ಹೇಳಿದೆ. ಕಾಯಬೇಕಾತು ಅಂದದ್ದಕ್ಕ ಇವರು ಹರಕತ ನಾಹಿ ಅಂದದ್ದು, ಮಗ್ಗಕ್ಕಲ್ಲ. ಹಾಲಿನಾಗ ಕಿಸಿಕಿಸಿ ನಗಿ. ಅಧ್ಯಕ್ಷರು ನಗಲಿಲ್ಲ. ಕನ್ನಡಕ ತಗದು ಒರಸಿಕೋತ ಅಂದರು, "ನೋಡ್ರಿ ತಾಯಿ, ಅವರು ಚೊಲೊ ಮರಾಠ್ಯಾಗ ಹೇಳ್ಯಾರ, ನನ್ನ ಕಿವಿಲೆ ಕೇಳೇನಿ. ಮರಾಠಿ ಬರೂ ಮನಶಾ ಆಡಿದ ಮಾತು ಅಂದ್ರ ಆತು. ಇವತ್ತ ತಿರುಗಿಸಿದ್ರ ನಾಳೆ ಊರ ಮಂದಿ ಎಲ್ಲಾ ತಿರುಗಿಸಾಕ ಬರತಾರ. ಮರಾಠಿ ಬರಲಾರದವರಾಗಿದ್ರ ಅವರ ಮಾತು ನಾವು ಕೇಳೇ ಇಲ್ಲ ಅಂದಂಗ, ಮತ್ತ ಕೇಳಬೇಕಾಗತೈತಿ. ಹೇಳ್ರಿ, ನಿಮ್ಮ ಯಜಮಾನರಿಗೆ ಮರಾಠಿ ಬರತೈತೋ ಇಲ್ಲೋ?"

ಅಷ್ಟರಾಗ ನಮ್ಮವರು ಎದ್ದು ನಿಂತಿದ್ದರು. ಕೈ ಮುಗದಿದ್ದರು. ಗಂಟಲಾ ಸರಿ ಮಾಡಿಕೊಂಡರು, ತುಟಿ ತೆರದರು. ಮತ್ತೇನರೆ ಅಂದು ಕೆಡಸತಾರ, ಮತ್ತ ಆಲೀ ಅಂದು ನಗಸತಾರ ಅಂತ, ಅವರ ಮೊದಲ ಅಕ್ಷರ ಹೊರಗ ಬರೂದರಾಗ ನಾ ನಡುವ ಬಾಯಿ ಹಾಕಿ ಒದರಿದೆ. "ತ್ಯಾಂನಾ ಕಾಹೀ ಕಳತ ನಾಹಿ, ಸಾಹೇಬ. ಅಡಾಣಿ ಆಹೇತ. ಅವರಿಗೇನೂ ತಿಳಿಯೂದಿಲ್ರಿ, ದಡ್ಡ ಅದಾರ. ಒಂದೇ ಮಾತು ನಾನೇ ಗಿಣಿಗೆ ಕಲಿಸಿದಂಗ ಕಲಿಸೇನಿ."

ಹಾಲು ಹೋ ಅಂತ ನಕ್ಕಿತು. ಸಿಪಾಯಿನೂ ನಕ್ಕ. ಡಾಕ್ಟರಿಗೆ ಕನ್ನಡ ಬರತಿತ್ತು, ಅವರು ನಗಿ ನಿಲ್ಲೂತನ ಕಾದು ಇವರನ್ನ ನಮ್ಮ ಮಾತಿನಾಗೇ ಕೇಳಿದರು, "ಹೌದೇನ್ರಿ? ಮರಾಠಿ ತಿಳಿಯೂದಿಲ್ಲೇನು ನಿಮಗ?"

ಇವರು ಮುಗದ ಕೈ ಹಂಗೇ ಇಟ್ಟು ನನ್ನ ಕಡೆ ನೋಡಿದರು. ಆಮ್ಯಾಲ ಹಿಂದ ಹೊಳ್ಳಿ ಅಕ್ಕ ಕುಂತ ಕಡೆ ನೋಡಿದರು. "ಇಲ್ರಿ" ಅಂದರು. "ನನಗೇನೂ ತಿಳಿಯೂದಿಲ್ರಿ." ಕುಂತುಬಿಟ್ಟರು.

ಮುಂದಿನದು ಲಗೂನ ಆತು. ಅಧ್ಯಕ್ಷರು ಮೊದಲ ಬರದದ್ದು ಹೊಡದು ಹಾಕಿಸಿದರು. ನನ್ನ ಬಾಯಿಲೇ ಓಣಿ ಹರಕತ ಹೊಸದಾಗಿ ಕೇಳಿದರು. ಡಾಕ್ಟರು, ಆ ಮುದುಕಿ ತಮ್ಮ ಪೇಶಂಟು, ಆ ಮನಿ ತಾವು ನೋಡೇವಿ, ಮಗ್ಗ ಹೊರಗ ಹೋದ್ರ ಇಬ್ಬರೂ ಉಳಿಯೂದಿಲ್ಲ ಅಂದರು. ನಕ್ಷಾದ ಸಾಹೇಬರು ಒಂದಿಷ್ಟು ತಲಿ ಅಲ್ಲಾಡಿಸಿದರು. ಕಡೀಕ ಠರಾವು ಆತು. ಓಣಿ ಹಳದಿ ಇರಲಿ, ಆದರ ಈಗ ಇದ್ದ ಮಗ್ಗ ಇದ್ದಲ್ಲೇ ಇರಲಿ, ಹೊಸಾದ್ದು ಹಾಕೂ ಹಂಗಿಲ್ಲ. ಅಕ್ಕ ಅಲ್ಲೇ ಕುಂತು ಅಳಾಕ ಹತ್ತಿದಳು.

ಓಣ್ಯಾಗ ಹೆಂಗಸರು ನನಗ ಆರತಿ ಎತ್ತೂದೊಂದು ಬಾಕಿ. "ಹುಲಿ ಅದಾಳ ಹುಲಿ! ವಕೀಲರ ಬಾಯಿ ಮುಚ್ಚಿಸಿ ಬಂದಾಳ!" ಅನ್ನವರು. ನಾ ಉಬ್ಬಿದೆ. ಸುಳ್ಳ ಯಾಕ ಹೇಳ್ಲಿ, ಉಬ್ಬಿದೆ. ಇವರು ಹಿಂದ ಎಲ್ಲೋ ಬರಾಕತ್ತಿದ್ದರು, ಯಾರೂ ಅವರನ್ನ ಮಾತಾಡಿಸಲಿಲ್ಲ. ಮುದುಕಿಗೆ ಮೊದಲ ಹೇಳೂಣು ಅಂತ ಅಕ್ಕ ನಮ್ಮನ್ನ ತನ್ನ ಮನಿಗೇ ಕರಕೊಂಡು ಹೋದಳು.

"ಅತ್ತಿ, ಮಗ್ಗ ಉಳೀತು" ಅಂದಳು ಅಕ್ಕ. ಮುದುಕಿ ಅಕಿ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಹೊರಸಿನ ಮ್ಯಾಲಿಂದ ಕೈ ಚಾಚಿ ಬಾಗಲದಾಗ ನಿಂತ ನಮ್ಮವರನ್ನ ಕರದಳು. "ತಮ್ಮಾ, ಬಾರೋ ಇಲ್ಲೆ. ಹೇಳಿದ್ಯಾ? ತಪ್ಪಲಿಲ್ಲ ಹೌದಿಲ್ಲೋ?"

"ಇಲ್ಲಬೇ ಯವ್ವಾ, ತಪ್ಪಲಿಲ್ಲ" ಅಂದರು ಇವರು.

"ಎಲ್ಲಾರೂ ಕೇಳಿದರೇನು?"

"ಎಲ್ಲಾರೂ ಕೇಳಿದರು."

"ಹೆಂಗ ಹೇಳಿದಿ, ಇನ್ನೊಮ್ಮೆ ಹೇಳು, ನಾನೂ ಕೇಳತೇನಿ. ಇಷ್ಟು ದಿನಾ ಸಂಜಿಮುಂದ ತಲಿ ತಿಂದೀದಿ ನಂದು."

ಅಕ್ಕ ನನ್ನ ಮುಖ ನೋಡಿದಳು, ಲಗೂನ ಕಣ್ಣ ತಗದುಬಿಟ್ಟಳು. ಇವರು ಹೊರಸಿನ ಮುಂದ ನೆಟ್ಟಗ ನಿಂತರು. ಟೊಪಿಗಿ ಸರಿ ಮಾಡಿಕೊಂಡು, ಹಾಲಿನಾಗ ಮುಗದಂಗ ಕೈ ಮುಗದು ಶುರು ಮಾಡಿದರು. "ತ್ಯಾ ದಿವಶಿ ಮಾಝೀ ಚೂಕ ಝಾಲೀ, ಸಾಹೇಬ." ಅವತ್ತ ನನ್ನದು ತಪ್ಪಾತು ಸಾಹೇಬ, ಕಾಯಾಕ ಅಡ್ಡಿಯಿಲ್ಲ ಅಂದೆ, ಮಗ್ಗ ಕೀಳಾಕ ಅಡ್ಡಿ ಐತಿ ಅಂತ. ಒಂದು ಕಡೆಯೂ ಗಂಡು-ಹೆಣ್ಣು ತಪ್ಪಲಿಲ್ಲ. ಹಳದಿ ಯಾವುದು ನೇರಳಿ ಯಾವುದು ನಮಗೂ ತಿಳೀತೈತಿ ಅಂದರು. ಮಾಸ್ತರರ ಹೆಂಡತಿಗೆ ನಿದ್ದಿ ಹತ್ತೂದಿಲ್ಲ ಅನ್ನೂದೂ ಖರೇ, ಕತ್ತಲಾದ ಮ್ಯಾಲ ಓಣಿಯವರು ಮಗ್ಗ ನಿಂದ್ರಸಾಕ ತಯಾರ ಅದೀವಿ ಅಂದರು. ಆ ಮಾತು ನನ್ನ ತಲ್ಯಾಗ ಬಂದೇ ಇದ್ದಿದ್ದಿಲ್ಲ. ಎದ್ದು ಕುಂಡ್ರಾಕ ಬಾರದ ಒಬ್ಬಾಕಿ ಮುದುಕಿ ಅದಾಳ ಸಾಹೇಬ, ಅಕಿ ಕರದ್ರ ಕೇಳೂ ಅಷ್ಟು ದೂರದಾಗ ಆ ಮಗ್ಗ ಇರಬೇಕು, ಅಷ್ಟ ಕೇಳತೇವಿ ಅಂದರು. ಎಲ್ಲಾ ಮರಾಠ್ಯಾಗ, ಸಾವಕಾಶ, ಒಂದೊಂದ ಮಾತು ಹದಾ ನೋಡಿ. ನಡುವೆ ಒಮ್ಮೆ ಮುದುಕಿ ತಿದ್ದಾಕ ಬಾಯಿ ತೆರದು, ತಿದ್ದೂದು ಏನೂ ಇಲ್ಲದ್ದು ನೋಡಿ ಸುಮ್ಮಾದಳು.

ನಾ ಹೊಸ್ತಿಲದಾಗ ಕೂಸು ಹೊತಗೊಂಡು ನಿಂತಿದ್ದೆ. ಹೊರಗ ಹೆಂಗಸರು ಇನ್ನೂ ನನ್ನ ಹೊಗಳಾಕತ್ತಿದ್ದರು. ಒಳಗ ಹೋಗಿ ಅವರ ಕಾಲ ಹಿಡೀಬೇಕು ಅನಿಸ್ತು, ಹೊಸ್ತಿಲಾ ದಾಟಲಿಲ್ಲ. ಅವರಿಗೆ ಹೇಳಾಕ ಒಂದು ಮಾತು ಹುಡುಕಿದೆ, ಎರಡು ಭಾಷಾದಾಗೂ ಸಿಗಲಿಲ್ಲ.

"ಶಾಬಾಸ" ಅಂದಳು ಮುದುಕಿ. "ಕಮಿಟಿಯವರು ಏನಂದರು?"

"ಚೊಲೊ ಹೇಳಿದಿ ಅಂದರು, ಯವ್ವಾ" ಅಂದರು ನಮ್ಮವರು.